ಗಾಯವಿಲ್ಲದ ಎರಡು ರಾತ್ರಿ: ಮಲೆನಾಡಿನ ಒಂದು ಠಾಣಾ ಪ್ರಕರಣದ ಅಧ್ಯಯನ

ಇಲ್ಲಿರುವ ಪ್ರಕರಣವನ್ನು ಯಾವುದೇ ಒಂದು ಠಾಣೆಯ ಕಡತದಿಂದ ಎತ್ತಿಕೊಂಡಿಲ್ಲ. ತಾಲ್ಲೂಕು ಮಟ್ಟದ ವಕೀಲರು, ಸರ್ಕಾರಿ ಆಸ್ಪತ್ರೆಯ ವೈದ್ಯರು, ಕಾನೂನು ಸೇವಾ ಸಮಿತಿಯ ಸ್ವಯಂಸೇವಕರು ಕೂತು ಚರ್ಚಿಸಲೆಂದು ಹೊಸನಗರ ಸೀಮೆಯ ಹಿನ್ನೆಲೆಯಲ್ಲಿ ಕಟ್ಟಿದ ಪ್ರಕರಣ ಇದು. ಕಾನೂನು, ತೀರ್ಪು, ಇಸವಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ನಡೆದದ್ದು

ಡಿಸೆಂಬರ್, ಅಡಿಕೆ ಸುಗ್ಗಿಯ ಭರ. ಮನೆಯವರೆಲ್ಲ ಮದುವೆಗೆ ಹೋಗಿದ್ದ ಒಂದು ಹಗಲು ಅಟ್ಟದ ಮೇಲಿದ್ದ ಆರು ಮೂಟೆ ರಾಶಿ ಇಡಿ ಅಡಿಕೆ, ಸುಮಾರು 4 ಕ್ವಿಂಟಲ್, ಕಳವಾಗುತ್ತದೆ. ಯಜಮಾನರು ದೂರು ಕೊಡುತ್ತಾರೆ. ಅನುಮಾನ ಯಾರ ಮೇಲೆ ಎಂದು ಕೇಳಿದಾಗ, ಹಿಂದಿನ ವರ್ಷ ಮುಂಗಡದ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಕೆಲಸ ಬಿಟ್ಟ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗಾರನೊಬ್ಬನ ಹೆಸರು ಹೇಳುತ್ತಾರೆ. ಅವನಿಗೆ 34 ವರ್ಷ. ಮಂಗಳವಾರ ಸಂಜೆ 7 ಗಂಟೆಗೆ ಇಬ್ಬರು ಪೊಲೀಸರು ಅವನ ಮನೆಗೆ ಬರುತ್ತಾರೆ. ‘ಒಂದ್ ಮಾತು ಕೇಳಿ ಕಳಿಸ್ತೀವಿ ತಾಯಿ, ಊಟಕ್ಕೆ ಬಂದ್ಬಿಡ್ತಾನೆ’ ಎಂದು ಹೆಂಡತಿಗೆ ಹೇಳಿ ಕರೆದೊಯ್ಯುತ್ತಾರೆ. ಬಂಧನ ಪತ್ರ ಇಲ್ಲ, ನೋಟಿಸೂ ಇಲ್ಲ. ದಾರಿಯಲ್ಲೇ ಮೊಬೈಲ್ ಕೈಬದಲಾಗುತ್ತದೆ.

ಲಾಕಪ್ಪಿಗೆ ಹಾಕುವುದಿಲ್ಲ. ಹಾಕಿದರೆ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕಾಗುತ್ತದೆ. ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಕೈ ಎತ್ತಿ ನಿಲ್ಲಲು ಹೇಳುತ್ತಾರೆ. ಮೊಣಕಾಲು ಬಾಗಿದಾಗಲೆಲ್ಲ ಲಾಠಿಯಿಂದ ಮೇಜಿಗೆ ಬಡಿತ, ಕಣ್ಣು ಮುಚ್ಚಿದರೆ ಮುಖಕ್ಕೆ ಒಂದು ಚೊಂಬು ನೀರು. ಟ್ಯೂಬ್‌ಲೈಟ್ ಆರುವುದಿಲ್ಲ. ಒದ್ದೆ ಅಂಗಿಯಲ್ಲೇ ಎರಡು ರಾತ್ರಿಯ ಚಳಿ. ಬುಧವಾರ ಮಧ್ಯಾಹ್ನ ಒಂದು ಲೋಟ ಚಹಾ, ಎರಡು ಬನ್ನು. ನಡುವೆ ಕೂರಲು ಬಿಟ್ಟ ಹೊತ್ತನ್ನು ಕಳೆದರೂ ಒಟ್ಟು ಸುಮಾರು 20 ಗಂಟೆ ನಿಂತೇ ಇರುತ್ತಾನೆ. ಯಾರೂ ಅವನ ಮೈಮೇಲೆ ಒಂದು ಏಟೂ ಹಾಕುವುದಿಲ್ಲ. ಗುರುವಾರ ಬೆಳಗಿನ ಜಾವ 3 ಗಂಟೆಗೆ ಅವನು ‘ಸೊಪ್ಪಿನ ಬೆಟ್ಟದಾಗೆ ಇಟ್ಟಿದೀನಿ ಸಾರ್’ ಎನ್ನುತ್ತಾನೆ. ಜೊತೆಗಿದ್ದವರು ಯಾರು ಎಂದರೆ ಮೂವರ ಹೆಸರು ಹೇಳುತ್ತಾನೆ.

5 ಗಂಟೆಗೆ ಬಂಧನ ತೋರಿಸುತ್ತಾರೆ. ಎಂಟೂವರೆಗೆ ಮಹಜರು: ಬೆಟ್ಟದ ದರಕಿನ, ಅಂದರೆ ಒಣಗಿದ ಎಲೆಯ, ರಾಶಿಯ ಅಡಿ ಎರಡು ಮೂಟೆ ಸಿಗುತ್ತವೆ. ಉಳಿದ ನಾಲ್ಕು ಸಿಗುವುದಿಲ್ಲ. ಅವನು ಹೇಳಿದ ಮೂವರಲ್ಲಿ ಒಬ್ಬಾತ ಆ ವಾರವಿಡೀ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದ ಎಂಬುದು ಆಮೇಲೆ ತಿಳಿಯುತ್ತದೆ. 11 ಗಂಟೆಗೆ ಆಸ್ಪತ್ರೆ, ಚೀಟಿಯಲ್ಲಿ ‘ಹೊರಗಾಯಗಳಿಲ್ಲ’. ಮಧ್ಯಾಹ್ನ 3ಕ್ಕೆ ಮ್ಯಾಜಿಸ್ಟ್ರೇಟರ ಮುಂದೆ.

ಕಾಗದದ ಪ್ರಕಾರ ಅವನು ಪೊಲೀಸರ ವಶದಲ್ಲಿದ್ದದ್ದು 10 ಗಂಟೆ. ನಿಜವಾಗಿ 44 ಗಂಟೆ. ಕಾಣೆಯಾದ ಆ 34 ಗಂಟೆಗಳೇ ಈ ಪ್ರಕರಣದ ಜೀವಾಳ.

ಇದಕ್ಕೆ ಚಿತ್ರಹಿಂಸೆ ಎನ್ನಬಹುದೆ?

ಠಾಣೆಯವರ ಉತ್ತರ ಗೊತ್ತಿರುವಂಥದ್ದೇ: ‘ಒಂದೇಟೂ ಹಾಕಿಲ್ಲ, ಬೇಕಾದರೆ ಡಾಕ್ಟರ ಚೀಟಿ ನೋಡಿ.’ ಊರಿನ ಬಹುಪಾಲು ಜನರೂ ಇದನ್ನು ಒಪ್ಪಿಬಿಡುತ್ತಾರೆ. ಬೆಂಡೆತ್ತಿದರೆ ಹಿಂಸೆ, ನಿಲ್ಲಿಸಿದರೆ ವಿಚಾರಣೆ ಎಂಬ ಲೆಕ್ಕಾಚಾರ ನಮ್ಮಲ್ಲಿ ಅಷ್ಟು ಆಳಕ್ಕಿಳಿದಿದೆ.

ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆ ಅಂಗೀಕಾರವಾದದ್ದು 1984ರ ಡಿಸೆಂಬರ್ 10ರಂದು, ಜಾರಿಗೆ ಬಂದದ್ದು 1987ರ ಜೂನ್ 26ರಂದು. ಅದರ 1ನೇ ವಿಧಿ ನಾಲ್ಕು ಸಂಗತಿ ಕೇಳುತ್ತದೆ. ದೇಹಕ್ಕೋ ಮನಸ್ಸಿಗೋ ತೀವ್ರ ನೋವು ಅಥವಾ ಸಂಕಟ ಆಗಿರಬೇಕು. ಅದನ್ನು ಬೇಕೆಂದೇ ಮಾಡಿರಬೇಕು. ಅದರ ಹಿಂದೆ ಉದ್ದೇಶವಿರಬೇಕು: ಮಾಹಿತಿ ಅಥವಾ ತಪ್ಪೊಪ್ಪಿಗೆ ಪಡೆಯುವುದು, ಶಿಕ್ಷಿಸುವುದು, ಬೆದರಿಸುವುದು, ಬಲವಂತ ಮಾಡುವುದು ಅಥವಾ ತಾರತಮ್ಯ. ಕೊನೆಯದಾಗಿ, ಸರ್ಕಾರಿ ಅಧಿಕಾರಿ ಅದನ್ನು ಮಾಡಿರಬೇಕು, ಮಾಡಿಸಿರಬೇಕು ಅಥವಾ ಕಂಡೂ ಸುಮ್ಮನಿರಬೇಕು. ಗಾಯದ ಮಾತು ಎಲ್ಲೂ ಇಲ್ಲ. 2ನೇ ವಿಧಿ ಯುದ್ಧ, ತುರ್ತು ಪರಿಸ್ಥಿತಿ, ಮೇಲಧಿಕಾರಿಯ ಆದೇಶ ಯಾವುದನ್ನೂ ಸಬೂಬಾಗಿ ಒಪ್ಪುವುದಿಲ್ಲ.

ನಮ್ಮ ಪ್ರಕರಣದಲ್ಲಿ ಮೂರು ಸಂಗತಿಗಳ ಬಗ್ಗೆ ತಕರಾರೇ ಇಲ್ಲ. ಮಾಡಿದವರು ಪೊಲೀಸರು. ಬೇಕೆಂದೇ ಮಾಡಿದ್ದಾರೆ, ಮೇಜಿಗೆ ಬಡಿಯಲೆಂದೇ ಒಬ್ಬನನ್ನು ಪಾಳಿಯ ಮೇಲೆ ಕೂರಿಸಿದ್ದಾರೆ. ಬಾಯಿ ಬಿಡಿಸಲೆಂದೇ ಮಾಡಿದ್ದಾರೆ. ಜಗಳ ಉಳಿಯುವುದು ‘ತೀವ್ರ’ ಎಂಬುದರ ಸುತ್ತ, ಮತ್ತು ಸರ್ಕಾರಗಳು ಲೋಕದಾದ್ಯಂತ ಅಡಗಿಕೊಳ್ಳುವುದೂ ಅದೇ ಮೂಲೆಯಲ್ಲಿ.

1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷ್ ಸರ್ಕಾರ 14 ಮಂದಿಯ ಮೇಲೆ ಐದು ವಿಧಾನ ಬಳಸಿತು: ಗೋಡೆಗೆ ಒರಗಿಸಿ ಗಂಟೆಗಟ್ಟಲೆ ನಿಲ್ಲಿಸುವುದು, ತಲೆಗೆ ಮುಸುಕು, ಎಡೆಬಿಡದ ಸದ್ದು, ನಿದ್ದೆಗೇಡು, ಅನ್ನನೀರಿನ ಕಡಿತ. ಮಲೆನಾಡಿನ ಆ ಹಿಂದಿನ ಕೋಣೆಯಲ್ಲಿ ಇವುಗಳಲ್ಲಿ ಮೂರು ಇವೆ. 1976ರಲ್ಲಿ ಯುರೋಪಿನ ಮಾನವ ಹಕ್ಕು ಆಯೋಗ ಇದನ್ನು ಚಿತ್ರಹಿಂಸೆ ಎಂದಿತು. 1978ರ ಜನವರಿ 18ರಂದು ಯುರೋಪಿನ ಮಾನವ ಹಕ್ಕು ನ್ಯಾಯಾಲಯ ಒಂದು ಮೆಟ್ಟಿಲು ಕೆಳಗಿಳಿದು, ಅಮಾನವೀಯ ಹಾಗೂ ಹೀನಾಯ ನಡವಳಿಕೆ ಹೌದು, ಚಿತ್ರಹಿಂಸೆಯ ತೀವ್ರತೆ ಇಲ್ಲ ಎಂದಿತು. ಆ ಒಂದು ಮೆಟ್ಟಿಲಿನ ಬೆಲೆ ದೊಡ್ಡದಾಯಿತು. 2002ರ ಆಗಸ್ಟ್ 1ರ ಟಿಪ್ಪಣಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದೇ ತೀರ್ಪನ್ನು ಆಧಾರವಾಗಿ ತೋರಿಸಿತು. ದೇಹದ ನೋವು ಅಂಗಾಂಗ ವೈಫಲ್ಯ ಅಥವಾ ಸಾವಿನ ಜೊತೆ ಬರುವಂಥ ನೋವಿಗೆ ಸಮನಾಗಿದ್ದರೆ ಮಾತ್ರ ಚಿತ್ರಹಿಂಸೆ ಎಂದು ಬರೆಯಿತು. 2004ರಲ್ಲಿ ಆ ಟಿಪ್ಪಣಿಯನ್ನು ಹಿಂತೆಗೆದುಕೊಂಡರು, ಅಷ್ಟರಲ್ಲಿ ಅದು ಮಾಡಬೇಕಾದ್ದನ್ನು ಮಾಡಿ ಮುಗಿಸಿತ್ತು. ಅಳತೆಗೋಲು ಮುಂದೆ ಏರಿದ್ದೂ ನಿಜ. 1999ರ ಸೆಲ್ಮೂನಿ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯವೇ, ಹಿಂದೆ ಅಮಾನವೀಯ ಎನ್ನಿಸಿಕೊಂಡದ್ದು ಮುಂದೆ ಚಿತ್ರಹಿಂಸೆ ಎನ್ನಿಸಿಕೊಳ್ಳಬಹುದು ಎಂದಿತು. ಆ ಐದು ವಿಧಾನಗಳು ಇಂದಿನ ಅಳತೆಯಲ್ಲಿ ಚಿತ್ರಹಿಂಸೆಯೇ ಎಂದು 2021ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು.

ನಮ್ಮ ನಿಲುವು ಸ್ಪಷ್ಟ: ಈ 34 ಗಂಟೆ ಚಿತ್ರಹಿಂಸೆ. ಅದಕ್ಕೆ ದೇಹವೇ ಸಾಕ್ಷಿ. ಅಲುಗಾಡದೆ ನಿಂತವನ ರಕ್ತ ಕಾಲಿಗೆ ಇಳಿಯುತ್ತದೆ. ನಡೆಯುವಾಗ ಅದನ್ನು ಮೇಲಕ್ಕೆ ತಳ್ಳುವ ಮೀನಖಂಡದ ಸ್ನಾಯು ಕೆಲಸ ಮಾಡುವುದಿಲ್ಲ. ಪಾದ, ಹರಡು ಊದಿಕೊಳ್ಳುತ್ತವೆ, ಚರ್ಮ ಬಿಗಿದು ಮುಟ್ಟಿದರೆ ಉರಿಯುತ್ತದೆ. 18ರಿಂದ 24 ಗಂಟೆ ದಾಟಿದರೆ ಊತ ವಿಪರೀತಕ್ಕೆ ಹೋಗಿ, ಮುಂದೆ ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು ಎಂದು 1950ರ ದಶಕದಲ್ಲೇ ಸೋವಿಯತ್ ವಿಚಾರಣಾ ಕ್ರಮಗಳನ್ನು ಅಭ್ಯಾಸ ಮಾಡಿದ ಅಮೆರಿಕದ ವೈದ್ಯರು ಬರೆದಿಟ್ಟಿದ್ದಾರೆ. ಏಟು ಹಾಕುವವನ ಕೈಗಾದರೂ ದಣಿವಾಗುತ್ತದೆ. ಇಲ್ಲಿ ನೋವು ಕೊಡುವ ಕೆಲಸವನ್ನು ನಿಂತವನ ಮೈಗೇ ವಹಿಸಲಾಗಿದೆ.

‘ಬೇಕಿದ್ದರೆ ಮೊದಲೇ ಹೇಳಿ ಕೂರಬಹುದಿತ್ತಲ್ಲ’ ಎನ್ನುವವರಿದ್ದಾರೆ. ಕದ್ದವನಿಗೆ ಹೇಳಲು ಏನೋ ಇರುತ್ತದೆ. ಕದಿಯದವನಿಗೆ ಆ ಬಾಗಿಲೂ ಇಲ್ಲ. ಅವನು ಹೆಚ್ಚು ಹೊತ್ತು ನಿಲ್ಲುತ್ತಾನೆ, ಕೊನೆಗೆ ಬಾಯಿಗೆ ಬಂದ ಹೆಸರು ಹೇಳುತ್ತಾನೆ. ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದವನ ಹೆಸರು ಕಡತಕ್ಕೆ ಬಂದದ್ದು ಹೀಗೆಯೇ. ಪೊಲೀಸರು ಎರಡು ದಿನ ಆ ಹೆಸರಿನ ಬೆನ್ನು ಬಿದ್ದಾಗ ಉಳಿದ ನಾಲ್ಕು ಮೂಟೆ ಜಿಲ್ಲೆಯ ಗಡಿ ದಾಟಿರಬಹುದು.

ನಮ್ಮ ಕಾನೂನು ಎಲ್ಲಿ ನಿಂತಿದೆ

ಭಾರತ ಒಡಂಬಡಿಕೆಗೆ 1997ರ ಅಕ್ಟೋಬರ್ 14ರಂದು ಸಹಿ ಹಾಕಿತು, ಸ್ಥಿರೀಕರಿಸಲಿಲ್ಲ. ಚಿತ್ರಹಿಂಸೆ ತಡೆ ಮಸೂದೆ 2010ರ ಮೇನಲ್ಲಿ ಲೋಕಸಭೆಯಲ್ಲಿ ಪಾಸಾಯಿತು. ಅದರಲ್ಲಿ ಚಿತ್ರಹಿಂಸೆ ಎಂದರೆ ತೀವ್ರ ಗಾಯ, ಇಲ್ಲವೇ ಜೀವಕ್ಕೆ, ಅಂಗಕ್ಕೆ, ಆರೋಗ್ಯಕ್ಕೆ ಅಪಾಯ. ದೂರಿಗೆ ಆರು ತಿಂಗಳ ಗಡುವು. ರಾಜ್ಯಸಭೆಯ ಆಯ್ಕೆ ಸಮಿತಿ ಅದನ್ನು ಹಿಗ್ಗಿಸಿತಾದರೂ 2014ರಲ್ಲಿ ಮಸೂದೆ ಬಿದ್ದುಹೋಯಿತು. ಕಾನೂನು ಆಯೋಗ 2017ರಲ್ಲಿ 273ನೇ ವರದಿಯೊಂದಿಗೆ ಹೊಸ ಕರಡು ಕೊಟ್ಟಿತು. ಅದೂ ಕಾಯ್ದೆಯಾಗಲಿಲ್ಲ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 330 ಮತ್ತು 331, ತಪ್ಪೊಪ್ಪಿಗೆ ಅಥವಾ ಮಾಹಿತಿ ಹೊರಡಿಸಲು, ಸ್ವತ್ತು ವಾಪಸು ಕೊಡಿಸಲು ನೋವುಂಟುಮಾಡುವುದಕ್ಕೆ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ ಇಟ್ಟಿದೆ. ವಕೀಲರು ಇಲ್ಲಿ ಪದೇ ಪದೇ ಎಡವುವುದು ಒಂದು ಕಡೆ. ಗಾಯದ ಪ್ರಮಾಣಪತ್ರ ಇಲ್ಲದಿದ್ದರೆ 120 ಹತ್ತುವುದಿಲ್ಲ ಎಂದುಕೊಂಡು ಬರೀ ಅಕ್ರಮ ಬಂಧನದ ದೂರು ಬರೆಯುತ್ತಾರೆ. 114ನೇ ಕಲಮಿನಲ್ಲಿ ‘ಗಾಯ’ದ ವ್ಯಾಖ್ಯೆ ಓದಿದರೆ ಸಾಕು: ದೇಹಕ್ಕೆ ನೋವು, ರೋಗ ಅಥವಾ ನಿಶ್ಶಕ್ತಿ ಉಂಟುಮಾಡಿದರೆ ಅದೇ ಗಾಯ. ಚರ್ಮ ಒಡೆಯಬೇಕಿಲ್ಲ, ಬಾಸುಂಡೆ ಏಳಬೇಕಿಲ್ಲ. 20 ಗಂಟೆ ನಿಲ್ಲಿಸುವುದು ದೇಹಕ್ಕೆ ನೋವು. ದೂರಿನಲ್ಲಿ ಈ ಎರಡು ಕಲಮುಗಳನ್ನು ಜೋಡಿಸಿಯೇ ಬರೆಯಬೇಕು.

ಈ ದಾರಿಗೂ ಮಿತಿಯಿದೆ. ಹೆಂಡತಿ ಮಕ್ಕಳನ್ನು ಎತ್ತಿಕೊಂಡು ಬರುತ್ತೇವೆಂದು ಹೆದರಿಸುವಂಥ ಮನಸ್ಸಿನ ಹಿಂಸೆ 120ರೊಳಗೆ ಸಲೀಸಾಗಿ ಕೂರುವುದಿಲ್ಲ. ಹಳೆಯ 330ನೇ ಕಲಮಿನ ಉದಾಹರಣೆಗಳಲ್ಲಿ ಕೈದಿಯನ್ನು ಹಿಂಸಿಸುವ ಪೊಲೀಸನೂ ರೈತನನ್ನು ಹಿಂಸಿಸುವ ಜಮೀನ್ದಾರನೂ ಪಕ್ಕಪಕ್ಕ ನಿಂತಿದ್ದರು. ಅಂದರೆ 1860ರಿಂದಲೂ ನಮ್ಮ ಕಾನೂನು ಇದನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಟ್ಟ ಕಾಟವೆಂದು ನೋಡುತ್ತ ಬಂದಿದೆ. ಪ್ರಭುತ್ವವೇ ತನ್ನ ವಶದಲ್ಲಿರುವವನ ಮೇಲೆ ಎಸಗುವ ಅಪರಾಧಕ್ಕೆ ಬೇರೆ ತೂಕ ಬೇಕು. ಓಡಿಹೋಗಲಾರದ, ಕೂಗಿದರೆ ಕೇಳುವವರಿಲ್ಲದ ಮನುಷ್ಯನನ್ನು ಕಾಯಬೇಕಾದವರೇ ಇಲ್ಲಿ ಎದುರು ನಿಂತಿರುತ್ತಾರೆ.

ಗುರುವಾರದೊಳಗೆ ಮಾಡಬೇಕಿದ್ದದ್ದು

ಇಂಥ ಪ್ರಕರಣಗಳು ಸೋಲುವುದು ವಾದದಲ್ಲಿ ಕಡಿಮೆ, ಮೊದಲ ಎರಡು ದಿನಗಳ ಕಾಗದದಲ್ಲಿ ಹೆಚ್ಚು.

ಹೆಂಡತಿ ಮಂಗಳವಾರ ರಾತ್ರಿ 10ರವರೆಗೆ ಕಾದು ಠಾಣೆಗೆ ಹೋದಳು. ‘ನಾಳೆ ಬಾರಮ್ಮ’ ಎಂದು ಕಳಿಸಿದರು. ಅವಳು ಹೋದದ್ದಕ್ಕೆ ಎಲ್ಲೂ ದಾಖಲೆ ಇಲ್ಲ. ಅಂಚೆ ಕಚೇರಿಯಿಂದ ಎಸ್‌ಪಿಗೆ, ಮ್ಯಾಜಿಸ್ಟ್ರೇಟರಿಗೆ ತಂತಿ ಕೊಟ್ಟು ವೇಳೆ ಗಟ್ಟಿಮಾಡಿಕೊಳ್ಳುವ ಕಾಲವೊಂದಿತ್ತು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ಈಗ ಆ ಕೆಲಸಕ್ಕೆ 112 ಇದೆ. ಕರೆ ಮಾಡಿ, ‘ನನ್ನ ಗಂಡನನ್ನು ಇಷ್ಟು ಹೊತ್ತಿಗೆ ಇಂಥ ಠಾಣೆಯವರು ಕರೆದುಕೊಂಡು ಹೋಗಿದ್ದಾರೆ, ಬಂಧನ ಪತ್ರ ಕೊಟ್ಟಿಲ್ಲ’ ಎಂದು ಹೇಳಿದರೆ ವೇಳೆಸಮೇತ ದಾಖಲಾಗುತ್ತದೆ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೂ ಕರೆ ಮಾಡಬೇಕು. ಎಸ್‌ಪಿ ಕಚೇರಿಗೆ ಎರಡು ಸಾಲಿನ ಇಮೇಲ್ ಸಾಕು. ಮೂರೂ ಆ ರಾತ್ರಿಯೇ ಆಗಬೇಕು, ಏಕೆಂದರೆ ಬಂಧನದ ಹೊತ್ತನ್ನು ಮುಂದಕ್ಕೆ ತಳ್ಳುವುದೇ ಇಡೀ ಆಟ. ಮೊಬೈಲ್ ಟವರಿನ ವಿವರವನ್ನು ನೆಚ್ಚಿಕೊಂಡು ಕೂರಬಾರದು. ಮಲೆನಾಡಿನಲ್ಲಿ ಒಂದೇ ಟವರ್ ನಾಲ್ಕಾರು ಊರಿಗೆ ಹಬ್ಬಿರುತ್ತದೆ, ಮನೆಯೂ ಠಾಣೆಯೂ ಒಂದೇ ಟವರಿನ ಕೆಳಗೆ ಬಂದರೆ ಏನೂ ಸಾಬೀತಾಗುವುದಿಲ್ಲ.

ಬುಧವಾರ ಬೆಳಿಗ್ಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಕಾನೂನಿನ, 100ನೇ ಕಲಮಿನ ಅರ್ಜಿ ಹಾಕಬಹುದಿತ್ತು. ಅಕ್ರಮವಾಗಿ ಕೂಡಿಹಾಕಿದವರನ್ನು ಹುಡುಕಿ ಹಾಜರುಪಡಿಸಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಅಥವಾ ಸಾಗರದ ಉಪವಿಭಾಗಾಧಿಕಾರಿ ವಾರಂಟ್ ಕೊಡಬಹುದು. ಕೂಡಿಹಾಕಿದವರನ್ನು ಹಾಜರುಪಡಿಸಿ ಎಂದು ಹೈಕೋರ್ಟನ್ನು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿಗೆ ಶಿವಮೊಗ್ಗ ಜಿಲ್ಲೆಯವರು ಬೆಂಗಳೂರಿನ ಪೀಠಕ್ಕೇ ಹೋಗಬೇಕು. ಅದು ಸಿದ್ಧವಾಗುವಷ್ಟರಲ್ಲಿ ಬಂಧನ ತೋರಿಸಿ ಆಗಿರುತ್ತದೆ.

ಆಸ್ಪತ್ರೆಯ ಆ ಚೀಟಿ ಬಂದ ಬಗೆಯನ್ನು ಹತ್ತಿರದಿಂದ ನೋಡಬೇಕು. ಹೊರರೋಗಿ ವಿಭಾಗದಲ್ಲಿ ಸಾಲು. ಪೊಲೀಸ್ ಪೇದೆ ಆರೋಪಿಯ ತೋಳು ಹಿಡಿದೇ ಒಳಗೆ ಬರುತ್ತಾನೆ. ವೈದ್ಯರು ತಲೆ ಎತ್ತದೆ ‘ಏನಾದ್ರೂ ತೊಂದ್ರೆ ಇದ್ಯೇನಪ್ಪ?’ ಎನ್ನುತ್ತಾರೆ. ಅವನು ಪೇದೆಯ ಕಡೆ ನೋಡಿ ‘ಇಲ್ಲ ಸಾರ್’ ಎನ್ನುತ್ತಾನೆ. ಚಪ್ಪಲಿಯ ಪಟ್ಟಿ ಊದಿದ ಪಾದದೊಳಗೆ ಹೂತು ಗೆರೆ ಮೂಡಿದೆ, ಆದರೆ ಪಾದ ಮೇಜಿನ ಆ ಕಡೆ. ಒಂದು ನಿಮಿಷದಲ್ಲಿ ಕೆಲಸ ಮುಗಿಯಿತು.

ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಮಿನ, ಬಂಧಿತರ ವೈದ್ಯಕೀಯ ತಪಾಸಣೆ ಹಾಗಲ್ಲ. ಪೊಲೀಸರು ಕೋಣೆಯ ಹೊರಗೆ, ಮಾತು ಕೇಳಿಸದಷ್ಟು ದೂರ ಇರಬೇಕು. ಬಟ್ಟೆ ಸರಿಸಿ ಪೂರ್ತಿ ನೋಡಬೇಕು. ಎರಡೂ ಹರಡಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು ಸೆಂಟಿಮೀಟರಿನಲ್ಲಿ ಬರೆಯಬೇಕು. ಹೆಬ್ಬೆರಳಿನಿಂದ ಒತ್ತಿದಾಗ ಕುಳಿ ಬೀಳುತ್ತದೆಯೇ, ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು ದಾಖಲಿಸಬೇಕು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ. ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಕ್ರಿಯಾಟಿನ್ ಕೈನೇಸ್. ಕೊನೆಯದು ಸ್ನಾಯು ಜಖಂ ಆದರೆ ಏರುತ್ತದೆ, ಒಂದರಿಂದ ಮೂರು ದಿನಗಳಲ್ಲಿ ತುದಿ ಮುಟ್ಟುತ್ತದೆ. ತಾಲ್ಲೂಕಿನಲ್ಲಿ ಆಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದು ಕಳಿಸಬೇಕು. ಕಾಲು ಎತ್ತಿ ಮಲಗಿದರೆ ಊತ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ, ಜೈಲಿನಿಂದ ಮುಂದಿನ ವಾರ ಕರೆತಂದು ತೋರಿಸಿದರೆ ಏನೂ ಕಾಣದು. ಇಸ್ತಾಂಬುಲ್ ಪ್ರೊಟೊಕಾಲ್ ಎಂದು ಹೆಸರಾದ ವಿಶ್ವಸಂಸ್ಥೆಯ ಕೈಪಿಡಿ ವೈದ್ಯರಿಗೆ ಐದು ಹಂತದ ಅಭಿಪ್ರಾಯ ಕಲಿಸುತ್ತದೆ: ಹೇಳಿಕೆಗೆ ಹೊಂದುವುದಿಲ್ಲ, ಹೊಂದುತ್ತದೆ, ಬಹಳವಾಗಿ ಹೊಂದುತ್ತದೆ, ಅಂಥ ಹಿಂಸೆಯಲ್ಲಿ ಸಾಮಾನ್ಯವಾಗಿ ಕಾಣುವಂಥದು, ಬೇರೆ ಕಾರಣವೇ ಇರಲಾರದು. ಈ ಕೊನೆಗಾರನ ಪಾದಕ್ಕೆ ‘ಬಹಳವಾಗಿ ಹೊಂದುತ್ತದೆ’ ಎಂದು ಬರೆದಿದ್ದರೆ ಪ್ರಕರಣದ ದಿಕ್ಕೇ ಬೇರೆಯಾಗುತ್ತಿತ್ತು.

ಮ್ಯಾಜಿಸ್ಟ್ರೇಟರ ಪಾಲಿನದು ಎರಡು ಪ್ರಶ್ನೆ. ಹಿಂಸೆ ಕೊಟ್ಟರೇ ಎಂದು ಕೇಳುವುದು ಮತ್ತು ವೈದ್ಯಕೀಯ ತಪಾಸಣೆಯ ಹಕ್ಕು ತಿಳಿಸುವುದು ಸುಪ್ರೀಂ ಕೋರ್ಟಿನ 1983ರ ಶೀಲಾ ಬರ್ಸೆ ತೀರ್ಪಿನಿಂದಲೇ ಕಡ್ಡಾಯ. ಅದಕ್ಕಿಂತ ಉಪಯುಕ್ತವಾದದ್ದು ಇನ್ನೊಂದು: ‘ನಿಮ್ಮನ್ನು ಮನೆಯಿಂದ ಕರೆದುಕೊಂಡು ಬಂದದ್ದು ಯಾವ ದಿನ, ಎಷ್ಟು ಹೊತ್ತಿಗೆ?’ ಹೊಡೆದರೇ ಎಂದರೆ ಹೆದರಿ ಇಲ್ಲ ಎನ್ನುವವನೂ ಇದಕ್ಕೆ ‘ಮಂಗಳವಾರ ಸಂಜೆ’ ಎಂದುಬಿಡುತ್ತಾನೆ. ಅದು ಆದೇಶದ ಹಾಳೆಯಲ್ಲಿ ಬಂದರೆ ಸಾಕು, ಸಂವಿಧಾನದ 22ನೇ ವಿಧಿಯ 24 ಗಂಟೆ ಮೀರಿದ್ದು ಅಲ್ಲೇ ಸಾಬೀತು. ಹೊರಿಸಿದ್ದು ಮನೆಯೊಳಗಿನ ಕಳವಿಗೆ ಅನ್ವಯಿಸುವ ನ್ಯಾಯ ಸಂಹಿತೆಯ 305ನೇ ಕಲಂ, ಗರಿಷ್ಠ ಶಿಕ್ಷೆ 7 ವರ್ಷ. ಸುಪ್ರೀಂ ಕೋರ್ಟಿನ ಅರ್ನೇಶ್ ಕುಮಾರ್ ತೀರ್ಪಿನ ಪ್ರಕಾರ ಇಂಥ ಕಡೆ ಬಂಧನ ಏಕೆ ಬೇಕಾಯಿತೆಂದು ಪೊಲೀಸರು ಕಾರಣ ಬರೆಯಬೇಕು, ಇಲ್ಲವೇ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಕೊಟ್ಟು ಕರೆಸಬೇಕು. ಬಂಧನ ಪತ್ರಕ್ಕೆ ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕೆಂದು 1996ರ ಡಿ.ಕೆ. ಬಸು ತೀರ್ಪು ಹೇಳಿದೆ. ಈ ಪ್ರಕರಣದಲ್ಲಿ ಸಾಕ್ಷಿ ಹಾಕಿದ್ದು ಠಾಣೆಯ ಎದುರಿನ ಹೋಟೆಲಿನವನು, ಬೆಳಿಗ್ಗೆ 5 ಗಂಟೆಗೆ.

ಇನ್ನು ಕ್ಯಾಮೆರಾ. 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯ ಒಳಹೊರ ದಾರಿ, ಲಾಕಪ್, ಓಣಿ, ಅಧಿಕಾರಿಗಳ ಕೋಣೆ, ಹಿಂಭಾಗಗಳಲ್ಲೆಲ್ಲ ಕ್ಯಾಮೆರಾ ಇರಬೇಕು, ದೃಶ್ಯಾವಳಿ 18 ತಿಂಗಳು ಉಳಿಯಬೇಕು ಎಂದಿದೆ. ಡಿಸ್ಕ್ ತುಂಬಿದರೆ ಹಳೆಯದರ ಮೇಲೆಯೇ ಹೊಸದು ಬರೆದುಕೊಳ್ಳುತ್ತದೆ, ಕರೆಂಟ್ ಹೋದ ಹೊತ್ತಿನದು ಇರುವುದೇ ಇಲ್ಲ. ಹಾಗಾಗಿ ಗುರುವಾರವೇ ಜಿಲ್ಲಾ ಮೇಲುಸ್ತುವಾರಿ ಸಮಿತಿಗೂ ನ್ಯಾಯಾಲಯಕ್ಕೂ ಕಾಯ್ದಿಡುವ ಅರ್ಜಿ ಹೋಗಬೇಕು. ‘ಸಂಬಂಧಪಟ್ಟ ದೃಶ್ಯಾವಳಿ’ ಎಂದು ಬರೆದರೆ ಸಾಲದು. ದಿನ, ಗಂಟೆ, ಕ್ಯಾಮೆರಾದ ಜಾಗ ಬರೆಯಬೇಕು. ಹಿಂದಿನ ಕೋಣೆಯಲ್ಲಿ ಕ್ಯಾಮೆರಾ ಇಲ್ಲದಿದ್ದರೂ ಮುಂಬಾಗಿಲಿನದು ಮಂಗಳವಾರ ಸಂಜೆ ಅವನು ಒಳಹೋದದ್ದನ್ನು ತೋರಿಸುತ್ತದೆ. ನಮಗೆ ಬೇಕಾದ್ದು ಅಷ್ಟೇ.

ಸಿಕ್ಕ ಎರಡು ಮೂಟೆ

ಕಷ್ಟದ ಪ್ರಶ್ನೆ ಇದು: ಮಾಲು ಸಿಕ್ಕಿತಲ್ಲ? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಲ್ಲ ಎನ್ನುವ ಸಾಕ್ಷ್ಯ ಅಧಿನಿಯಮದ 23ನೇ ಕಲಮೇ, ಆ ಮಾತಿನಿಂದ ವಸ್ತು ಪತ್ತೆಯಾದರೆ ಅದಕ್ಕೆ ಸಂಬಂಧಿಸಿದಷ್ಟು ಮಾತನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹಿಂದಿನ ಕೋಣೆಗಳು ಉಳಿದುಕೊಂಡು ಬಂದಿರುವುದಕ್ಕೆ ಈ ರಿಯಾಯಿತಿ ದೊಡ್ಡ ಕಾರಣ. ಅದರ ಮೇಲೂ ಕಡಿವಾಣವಿದೆ: ಬಲವಂತದಿಂದ ಹೊರಡಿಸಿದ ಮಾಹಿತಿಗೆ ಸಂವಿಧಾನದ 20(3)ನೇ ವಿಧಿ ಅಡ್ಡ ಬರುತ್ತದೆ ಎಂಬುದು 1961ರ ಕಾಠಿ ಕಾಲು ಓಘಡ್ ತೀರ್ಪಿನಲ್ಲಿದೆ; ನಮ್ಮದೇ ರಾಜ್ಯದಿಂದ ಹೋದ 2010ರ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿಹಿಡಿಯಿತು. ಬಲವಂತವನ್ನು ತೋರಿಸಿಕೊಡುವ ಭಾರ ಆರೋಪಿಯ ಮೇಲೆ ಬೀಳುತ್ತದೆ, ಮತ್ತೆ ಆ 34 ಗಂಟೆಗೇ ಬರುತ್ತೇವೆ.

2002ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಪಹೃತ ಬಾಲಕನ ಸುಳಿವಿಗಾಗಿ ಪೊಲೀಸ್ ಅಧಿಕಾರಿಯೊಬ್ಬ ಆರೋಪಿಗೆ ಅಸಹನೀಯ ನೋವು ಕೊಡಿಸುತ್ತೇನೆಂದು ಬೆದರಿಕೆ ಹಾಕಿಸಿದ. ಮೈ ಮುಟ್ಟುವ ಮೊದಲೇ ಆತ ಬಾಯಿಬಿಟ್ಟ. ಬಾಲಕ ಅಷ್ಟರಲ್ಲಾಗಲೇ ಕೊಲೆಯಾಗಿದ್ದ. ಒಂದು ಮಗುವಿನ ಜೀವದ ಪ್ರಶ್ನೆಯಿದ್ದ ಅಲ್ಲೂ ಯುರೋಪಿನ ನ್ಯಾಯಾಲಯ 2010ರಲ್ಲಿ, ಆ ಬೆದರಿಕೆ ನಿಷಿದ್ಧ ಅಮಾನವೀಯ ನಡವಳಿಕೆ ಎಂದಿತು. ನಾಲ್ಕು ಕ್ವಿಂಟಲ್ ಅಡಿಕೆಗೆ ವಿನಾಯಿತಿ ಕೇಳುವುದು ಯಾವ ಬಾಯಲ್ಲಿ? ಈ ಕೊನೆಗಾರ ಕದ್ದಿದ್ದಾನೆ ಎಂದೇ ಇಟ್ಟುಕೊಳ್ಳೋಣ. ಕಳವಿಗೆ ಶಿಕ್ಷೆ ಕೊಡುವುದು ನ್ಯಾಯಾಲಯ, ಅದೂ ವಿಚಾರಣೆ ಮುಗಿದ ಮೇಲೆ, ಮತ್ತು ಆ ಶಿಕ್ಷೆಯಲ್ಲಿ ಗೋಡೆಗೆ ನಿಲ್ಲಿಸುವುದು ಇಲ್ಲ.

ದೂರು ಎಲ್ಲಿಗೆ, ಎಷ್ಟರೊಳಗೆ

ಮಾನವ ಹಕ್ಕುಗಳ ಆಯೋಗಕ್ಕೆ ಘಟನೆಯಿಂದ ಒಂದು ವರ್ಷದೊಳಗೆ. ರಾಜ್ಯ ಪೊಲೀಸ್ ದೂರು ಪ್ರಾಧಿಕಾರ ಬೇರೆ ಇದೆ, ಅಲ್ಲಿಗೂ ಹೋಗಬಹುದು. ಪರಿಹಾರಕ್ಕೆ ಹೈಕೋರ್ಟಿನಲ್ಲಿ ರಿಟ್. 1993ರ ನೀಲಬತಿ ಬೆಹೆರಾ ತೀರ್ಪಿನಿಂದ ಈ ದಾರಿ ಗಟ್ಟಿಯಾಗಿದೆ.

ಕ್ರಿಮಿನಲ್ ದೂರಿಗೆ ಎದುರಾಗುವ ದೊಡ್ಡ ಅಡ್ಡಿ ಪೂರ್ವಾನುಮತಿ, ಅಂದರೆ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದಿಂದ ಮೊದಲೇ ಪಡೆಯಬೇಕಾದ ಒಪ್ಪಿಗೆ. ಕರ್ನಾಟಕ ಪೊಲೀಸ್ ಕಾಯ್ದೆ 1963ರ 170ನೇ ಕಲಂ ಅದನ್ನು ಕೇಳುತ್ತದೆ. ಕರ್ತವ್ಯದ ಜೊತೆ ಸಮಂಜಸ ನಂಟಿದ್ದರೆ ಅತಿರೇಕವಾದರೂ ಅನುಮತಿ ಬೇಕು ಎಂದು 2020ರ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದೂ ನಮ್ಮ ರಾಜ್ಯದ್ದೇ ಪ್ರಕರಣ. ಆದ್ದರಿಂದ ದೂರಿನಲ್ಲಿ ‘ವಿಚಾರಣೆ ವೇಳೆ ಹಿಂಸಿಸಿದರು’ ಎಂದು ಬರೆದರೆ ಕರ್ತವ್ಯದ ನಂಟನ್ನು ನಾವೇ ಒಪ್ಪಿಕೊಂಡಂತೆ. ಬಂಧಿಸದೆ, ದಿನಚರಿಯಲ್ಲಿ ದಾಖಲಿಸದೆ, ಮಂಗಳವಾರ ಸಂಜೆ 7ರಿಂದ ಗುರುವಾರ ಬೆಳಿಗ್ಗೆ 5ರವರೆಗೆ ಕೂಡಿಹಾಕಿದ್ದು ಯಾವ ಕರ್ತವ್ಯದ ಭಾಗವೂ ಅಲ್ಲ ಎಂದು ಮೊದಲ ಪ್ಯಾರಾದಲ್ಲೇ ಹೇಳಿ, ನ್ಯಾಯ ಸಂಹಿತೆಯ 127ನೇ ಕಲಮಿನ ಅಕ್ರಮ ಬಂಧನವನ್ನು ಮುಂದಿಟ್ಟು, 114 ಮತ್ತು 120ನ್ನು ಅದರ ಬೆನ್ನಿಗೆ ಕಟ್ಟಬೇಕು. ಜೊತೆಗೇ ಅನುಮತಿ ಕೋರಿಕೆಯನ್ನೂ ಬೇರೆಯಾಗಿ ಸಲ್ಲಿಸಿಡಬೇಕು. ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮಿನಡಿ ಸರ್ಕಾರ 120 ದಿನದೊಳಗೆ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದಂತೆಯೇ ಲೆಕ್ಕ. ಆ ದಿನಗಳ ಎಣಿಕೆ ಶುರುವಾಗುವುದು ಕೋರಿಕೆ ತಲುಪಿದ ತಾರೀಖಿನಿಂದ, ಹಾಗಾಗಿ ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಕಕ್ಷಿದಾರನ ಕೈಗೆ ಕೊಡದೆ ವಕೀಲರೇ ಇಟ್ಟುಕೊಳ್ಳುವುದು ಒಳ್ಳೆಯದು.